ಸೋರದ ಮಾಳಿಗೆ ಮತ್ತು ನನ್ನ ಹಿಂಬರಹ

ನನ್ನ ನೌಕರಿಯ ಮೊದಲ ದೊಡ್ಡ ತಪ್ಪು ಗೋಡೆಯ ಮೇಲಿತ್ತು. ದಾರಿಯಲ್ಲಿ ಹೋಗುವವರೆಲ್ಲ ಓದುವಷ್ಟು ದಪ್ಪ ಅಕ್ಷರ, ನೀಲಿ ಬಣ್ಣ. ಬರೆಸಿದವಳು ನಾನೇ, ಫೋಟೊ ತೆಗೆಸಿ ಮೇಲಿನ ಕಚೇರಿಗೆ ಕಳಿಸಿ ಶಹಬ್ಬಾಸ್ ಅನ್ನಿಸಿಕೊಂಡವಳೂ ನಾನೇ.

ನನ್ನ ಹೆಸರು ಕಸ್ತೂರಿ. ವಿಜಯಪುರದ ಜಲನಗರದಲ್ಲಿ ಮನೆ. ಮೊದಲು ಗ್ರಾಮ ಪಂಚಾಯಿತಿ ಕಾರ್ಯದರ್ಶಿಯಾಗಿದ್ದೆ, ಆಮೇಲೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಎಲ್ಲರ ಬಾಯಲ್ಲಿ ಪಿಡಿಒ. ತಿಕೋಟಾ ಕಡೆ ಕೆಲವು ಊರು, ಬಬಲೇಶ್ವರ ಕಡೆ ಕೆಲವು ಊರು ಸುತ್ತಿ ನಿವೃತ್ತಳಾದೆ. ಈಗ ನಮ್ಮ ಓಣಿಯಲ್ಲಿ ಪರೀಕ್ಷೆ ಪಾಸಾದ ಹುಡುಗಿಯರು ಬಂದು, "ಆಂಟಿ, ಪಿಡಿಒ ಕೆಲಸ ಹ್ಯಾಂಗಿರ್ತೈತ್ರಿ?" ಎಂದು ಕೇಳುತ್ತಾರೆ. ಬೀದಿದೀಪ, ನಲ್ಲಿ, ಗಟಾರ, ಉದ್ಯೋಗ ಖಾತರಿ, ಇವೆಲ್ಲ ತರಬೇತಿಯಲ್ಲಿ ಸಿಗುತ್ತವೆ. ಅಸ್ಪೃಶ್ಯತೆ ತಡೆಯುವ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯನ್ನೂ ಕಲಿಸುತ್ತಾರೆ, ಆದರೆ ಮಧ್ಯಾಹ್ನದ ಊಟ ಆದ ಮೇಲಿನ ಅವಧಿಯಲ್ಲಿ. ನಮಗೂ ಹಾಗೆಯೇ ಕಲಿಸಿದ್ದರು. ಅರ್ಧ ಜನ ತೂಕಡಿಸುತ್ತಿದ್ದೆವು, ಅದರಲ್ಲಿ ನಾನೂ ಒಬ್ಬಳು. ಅಂದು ಕೇಳಿಸಿಕೊಳ್ಳದೇ ಬಿಟ್ಟ ಪಾಠವನ್ನು ಆಮೇಲೆ ಒಬ್ಬ ಹೆಂಗಸು ನನಗೆ ಕಲಿಸಿದಳು. ಅವಳ ಹೆಸರು ರುಕ್ಮಾಬಾಯಿ.

ಊರಿನ ಹೆಸರು ಬರೆಯುವುದಿಲ್ಲ. ತಿಕೋಟಾ ದಾಟಿ ಹೊನವಾಡದ ಬಸ್ಸಿನಲ್ಲಿ ಹೋಗುವಾಗ ಇಳಿಯುವ ಒಂದು ಊರು ಎಂದಷ್ಟೇ ಇರಲಿ. ನಾನು ಕಾರ್ಯದರ್ಶಿಯಾಗಿ ಸೇರಿದ ಹೊಸದರಲ್ಲಿ ಮೇಲಿನಿಂದ ಆದೇಶ ಬಂತು: ಅಸ್ಪೃಶ್ಯತೆ ನಿವಾರಣೆ ಕುರಿತು ಊರಿನಲ್ಲಿ ಗೋಡೆಬರಹ ಬರೆಸಿ, ವಾರದೊಳಗೆ ಫೋಟೊ ಕಳಿಸಬೇಕು. ಪೇಂಟರ್ ಸಿಕ್ಕ, ಬಣ್ಣ ಸಿಕ್ಕಿತು, ಗೋಡೆ ಮಾತ್ರ ಸಿಗಲಿಲ್ಲ. ಊರ ನಡುವಿನ ಮನೆಗಳವರೆಲ್ಲ, "ಮೊನ್ನೆ ಸುಣ್ಣಾ ಹಚ್ಚೇವ್ರಿ ಬಾಯಾರ", "ಮುಂದಿನ ತಿಂಗಳ ಮದುವಿ ಐತ್ರಿ" ಎಂದು ಜಾರಿಕೊಂಡರು. ಕೊನೆಗೆ ಊರ ಕೊನೆಯ ಕೇರಿಯಲ್ಲಿ ಗೋಡೆ ಸಿಕ್ಕವು. ಅಲ್ಲಿಯ ಜನ ಬೇಡವೆನ್ನಲಿಲ್ಲ. ಒಂದೇ ದಿನದಲ್ಲಿ ಆರು ಗೋಡೆ ಮುಗಿದವು. 'ಅಸ್ಪೃಶ್ಯತೆ ಆಚರಣೆ ಶಿಕ್ಷಾರ್ಹ ಅಪರಾಧ.'

ನಾನು ಎದುರು ನಿಂತು ಫೋಟೊ ತೆಗೆಸುತ್ತಿದ್ದೆ. ಒಂದು ಮನೆಯಿಂದ ನನ್ನದೇ ವಯಸ್ಸಿನ ಹೆಂಗಸು ಕಂಕುಳಲ್ಲಿ ಕೂಸು ಎತ್ತಿಕೊಂಡು ಹೊರಬಂದಳು. ಗೋಡೆಯನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಳು. ಓದಿ ನನ್ನ ಕಡೆ ತಿರುಗಿದಳು.

"ಬಾಯಾರ, ಇದನ್ನ ನಮಗ ಯಾಕ ಬರಸೀರಿ? ನಾವು ಯಾರನ್ನ ಹೊರಗ ನಿಂದ್ರಿಸೇವಿ?"

ಪೇಂಟರ್ ಬ್ರಷ್ ಹಿಡಿದು ನನ್ನ ಮುಖ ನೋಡಿದ. ನಾನು ಫೋಟೊಗ್ರಾಫರನ ಮುಖ ನೋಡಿದೆ. ಅವನು ಕ್ಯಾಮೆರಾ ನೋಡಿಕೊಂಡ. ಅವಳು ಸಿಟ್ಟು ಮಾಡಿರಲಿಲ್ಲ, ನಿಜಕ್ಕೂ ತಿಳಿಯಲೆಂದೇ ಕೇಳಿದ್ದಳು. ನಾನು "ಆರ್ಡರ್ ಬಂದೈತವ್ವ" ಅಂದೆ.

"ಹಂಗಾರ ಬರೀರಿ. ಗ್ವಾಡಿ ಚಂದ ಕಾಣತೈತಿ" ಅಂದು ಒಳಗೆ ಹೋದಳು. ಅವಳೇ ರುಕ್ಮಾಬಾಯಿ. ಫೋಟೊಗಳು ಹೋದವು. ನಮ್ಮ ಮೇಲಧಿಕಾರಿ, "ಭಾಳ ಚಲೋ ಬಂದಾವ್ರಿ, ಅಕ್ಷರ ದುಂಡಗ ಅದಾವ" ಎಂದು ಮೀಟಿಂಗಿನಲ್ಲಿ ಎಲ್ಲರಿಗೂ ತೋರಿಸಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ವಿನಯ ಎಂದುಕೊಂಡರು.

ಆಮೇಲೆ ವರ್ಗವಾಗಿ ಬೇರೆ ಊರುಗಳಿಗೆ ಹೋದೆ. ಆ ವರ್ಷಗಳಲ್ಲಿ ಕಾಯ್ದೆಯ ಹೆಸರಿನಲ್ಲಿ ನಾವು ಮಾಡುತ್ತಿದ್ದ ದೊಡ್ಡ ಕೆಲಸ ಹೋಟೆಲ್ ತಪಾಸಣೆ. ಎಲ್ಲರಿಗೂ ಒಂದೇ ಥರದ ಕಪ್ಪಿನಲ್ಲಿ ಚಹಾ ಕೊಡುತ್ತಾರೋ ಇಲ್ಲವೋ ನೋಡುವುದು. ನಮ್ಮ ಜೀಪು ಊರ ಅಗಸೆಬಾಗಿಲು ಮುಟ್ಟುವುದರೊಳಗೆ ಸುದ್ದಿ ಹೋಟೆಲ್ ಮುಟ್ಟಿರುತ್ತಿತ್ತು. ನಾವು ಒಳಗೆ ಹೋದರೆ ಎಲ್ಲ ಕಪ್ಪು ಒಂದೇ ಬುಟ್ಟಿಯಲ್ಲಿ, ಮಾಲೀಕನ ಮುಖದಲ್ಲಿ ದೊಡ್ಡ ನಗು, ನಮಗೆ ಸ್ಪೆಷಲ್ ಚಹಾ. ಮುಂದೆ ಪೇಪರ್ ಕಪ್ಪು ಬಂದವು. ಮಾಲೀಕರ ಚಿಂತೆ ತಪ್ಪಿತು, ನಮ್ಮ ತಪಾಸಣೆ ಕೆಟ್ಟಿತು. ಕಪ್ಪು ಎಲ್ಲರಿಗೂ ಒಂದೇ, ಆದರೆ ಅದನ್ನು ಹಿಡಿದು ಯಾರು ಬೆಂಚಿನ ಮೇಲೆ ಕೂತಿದ್ದಾರೆ, ಯಾರು ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದಾರೆ ಎಂಬುದಕ್ಕೆ ನಮ್ಮ ಫಾರ್ಮಿನಲ್ಲಿ ಕಾಲಂ ಇರಲಿಲ್ಲ. ಕಾಲಂ ಇಲ್ಲದ್ದನ್ನು ನಾವು ನೋಡುತ್ತಿರಲಿಲ್ಲ.

ಎಷ್ಟೋ ವರ್ಷದ ಮೇಲೆ ಪಿಡಿಒ ಆಗಿ ಅದೇ ಊರಿಗೆ ಮತ್ತೆ ಬಂದೆ. ಅಷ್ಟರಲ್ಲಿ ತಿಕೋಟಾ ತಾಲ್ಲೂಕಾಗಿತ್ತು. ಪಂಚಾಯಿತಿಗೆ ಕಂಪ್ಯೂಟರ್ ಬಂದಿತ್ತು. ಊರ ನಡುವೆ, ಬಸ್ಸಿನ ರಸ್ತೆಗೆ ಕಾಣುವ ಹಾಗೆ, ಹೊಸ ಸಮುದಾಯ ಭವನ ಎದ್ದಿತ್ತು. ಗುಲಾಬಿ ಬಣ್ಣ, ದೊಡ್ಡ ಬಾಗಿಲು, ಒಳಗೆ ವೇದಿಕೆ. ಪಂಚಾಯಿತಿಯ ಆಸ್ತಿ. ಮದುವೆ, ಬಸುರಿಯರ ಕುಬಸ, ನಾಮಕರಣಕ್ಕೆ ಊರವರು ಅರ್ಜಿ ಕೊಟ್ಟರೆ ನಾವು ಕೊಡಬೇಕು.

ಊರಿನ ಮಾಜಿ ಅಧ್ಯಕ್ಷರೊಬ್ಬರಿದ್ದರು. ಎಲ್ಲರೂ ಗೌಡರು ಎನ್ನುತ್ತಿದ್ದರು. ಆಗಿನ ಅಧ್ಯಕ್ಷೆ ಸಾವಿತ್ರಿ ಅವರ ಸೊಸೆ. ಸಭೆಯಲ್ಲಿ ಸಾವಿತ್ರಿ ಅಧ್ಯಕ್ಷರ ಕುರ್ಚಿಯಲ್ಲಿ ಸೆರಗು ಹೊದ್ದು ಕೂರುತ್ತಿದ್ದಳು, ಗೌಡರು ಬಾಗಿಲ ಬಳಿಯ ಬೆಂಚಿನಿಂದ ಮಾತಾಡುತ್ತಿದ್ದರು. ನಮ್ಮ ಬಿಲ್ ಕಲೆಕ್ಟರ್ ಮಲ್ಲಪ್ಪ ಮನೆ ತೆರಿಗೆ ವಸೂಲಿ ಮಾಡುವವನು, ಆದರೆ ಪಂಚಾಯಿತಿಯಲ್ಲಿ ಅವನು ಮಾಡದ ಕೆಲಸವೇ ಇರಲಿಲ್ಲ. ಭವನದ ಅರ್ಜಿಗಳನ್ನೂ ಅವನೇ ನೋಡುತ್ತಿದ್ದ. ನನಗೆ ಬಹಳ ಅನುಕೂಲವಾಗಿತ್ತು. ಹೊಸಬರು ಇಲ್ಲೊಂದು ಗೆರೆ ಎಳೆದುಕೊಳ್ಳಬೇಕು: ಯಾವ ನೌಕರನಿಂದ ನಿಮಗೆ ಬಹಳ ಅನುಕೂಲವಾಗುತ್ತಿದೆಯೋ ಅವನು ತಂದ ಕಾಗದವನ್ನು ಎರಡು ಸಲ ಓದಿ.

ಒಂದು ಬೆಳಿಗ್ಗೆ ರುಕ್ಮಾಬಾಯಿ ಕಚೇರಿಗೆ ಬಂದಳು. ಕೂದಲು ಬೆಳ್ಳಗಾಗಿತ್ತು, ಆದರೆ ನೋಟ ಅದೇ. ದ್ರಾಕ್ಷಿ ತೋಟಗಳಲ್ಲಿ ಬಳ್ಳಿ ಸವರುವ ಕೆಲಸ ಅವಳದು, ಅದಕ್ಕೆ ಇಲ್ಲಿ ಚಾಟನಿ ಎನ್ನುತ್ತಾರೆ. ಹೆಂಗಸರ ಗುಂಪು ಕಟ್ಟಿಕೊಂಡು ತೋಟದಿಂದ ತೋಟಕ್ಕೆ ಹೋಗುತ್ತಿದ್ದಳು.

"ಮಗಳ ಮದುವಿ ಐತ್ರಿ ಬಾಯಾರ. ಅವತ್ತ ಕಂಕಳಾಗಿದ್ದಾಕಿ ನೋಡ್ರಿ, ಆಕೀದ. ಭವನ ಬೇಕಾಗಿತ್ತು" ಎಂದು ಅರ್ಜಿ ಕೊಟ್ಟಳು. ಅವರದು ಬೌದ್ಧ ಕುಟುಂಬ, ಗಂಡು ವಿಜಯಪುರದವನು, ನೂರೈವತ್ತು ಜನ ಬರುತ್ತಾರೆ ಎಂದೆಲ್ಲ ಹೇಳಿದಳು. ನಾನು ಸಂತೋಷದಿಂದ ಅರ್ಜಿ ತೆಗೆದುಕೊಂಡು ಮಲ್ಲಪ್ಪನಿಗೆ ಕೊಟ್ಟೆ.

ಮರುದಿನ ಆನ್‌ಲೈನ್ ಸಭೆ ನಡೆದಿತ್ತು. ಒಂದು ಕಿವಿಯಲ್ಲಿ ಇಯರ್‌ಫೋನು. ಮಲ್ಲಪ್ಪ ಕಾಗದಗಳ ಕಟ್ಟು ತಂದಿಟ್ಟ.

"ಇದೇನು ಮಲ್ಲಪ್ಪ?"

"ಹಿಂಬರಹಾರಿ. ಭವನದ ಮಾಳಿಗಿ ಸೋರಾಕತ್ತೈತಿ. ದುರಸ್ತಿ ಆಗೂ ತನಕ ಕೊಡಾಕ ಬರೂದಿಲ್ಲ ಅಂತ ಬರದೀನಿ."

ಹಿಂಬರಹ ಎಂದರೆ ಅರ್ಜಿ ಕೊಟ್ಟವರಿಗೆ ಕಚೇರಿ ಬರೆದುಕೊಡುವ ಉತ್ತರ. ಆ ತಿಂಗಳು ಮಳೆಯೇ ಬಿದ್ದಿರಲಿಲ್ಲ. ಮಳೆ ಇಲ್ಲದೆ ಮಾಳಿಗೆ ಹೇಗೆ ಸೋರೀತು ಎಂದು ಕೇಳಬೇಕಿತ್ತು. ಕೇಳದೆ ಸಹಿ ಮಾಡಿದೆ, ಠಸ್ಸೆ ಒತ್ತಿದೆ.

ಎಂಟು ದಿನ ಕಳೆದಿತ್ತು. ಮಧ್ಯಾಹ್ನದ ಬಸ್ಸಿನಲ್ಲಿ ಊರಿಗೆ ಇಳಿದರೆ ಭವನದ ಮುಂದೆ ಶಾಮಿಯಾನ, ಬಾಳೆಗಿಡ, ಕಾರುಗಳ ಸಾಲು. ಊರಿನ ದೊಡ್ಡ ಮನೆಯೊಂದರ ಮಗಳ ಕುಬಸ. ನನ್ನನ್ನು ಕಂಡವರೇ, "ಬರ್ರಿ ಬರ್ರಿ ಬಾಯಾರ, ಊಟಾ ಮಾಡದ ಹೋಗೂ ಹಂಗಿಲ್ಲ" ಎಂದು ಕೈಹಿಡಿದು ಕರೆದೊಯ್ದರು. ಹಸಿವಾಗಿತ್ತು. ಎಲೆಯ ಮೇಲೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ. ಎರಡನೇ ಹೋಳಿಗೆ ಮುರಿಯುವಾಗ ಫ್ಯಾನಿನ ಗಾಳಿಗೆ ತಲೆ ಎತ್ತಿದೆ. ಬಿರುಕಿಲ್ಲದ, ಕಲೆಯಿಲ್ಲದ, ಬೆಳ್ಳಗಿನ ಮಾಳಿಗೆ. ನಾನು ಸೋರುತ್ತದೆ ಎಂದು ಸಹಿ ಮಾಡಿಕೊಟ್ಟ ಮಾಳಿಗೆ.

ಮುರಿದ ಹೋಳಿಗೆಯನ್ನು ಎಲೆಯ ಮೇಲೇ ಬಿಟ್ಟೆ. ಎದ್ದು ಹೊರಗೆ ಬಂದು ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದೆ. ರಸ್ತೆಯ ಆಚೆ ತೋಟದ ಹೆಂಗಸರನ್ನು ಇಳಿಸುತ್ತ ಟೆಂಪೊ ನಿಂತಿತ್ತು. ಕೈಯಲ್ಲಿ ಕತ್ತರಿ, ತಲೆಗೆ ಟವೆಲು ಸುತ್ತಿದ್ದ ರುಕ್ಮಾಬಾಯಿ ನನ್ನನ್ನೇ ನೋಡುತ್ತಿದ್ದಳು.

"ಊಟ ಆತೇನ್ರಿ ಬಾಯಾರ?" ಎಂದು ಕೇಳಿದಳು.

ಅಷ್ಟೇ. ಉತ್ತರಕ್ಕೆ ಕಾಯದೆ ನಡೆದುಹೋದಳು. ಇಡೀ ನೌಕರಿಯಲ್ಲಿ ಮೇಲಧಿಕಾರಿಗಳಿಂದ ಬೈಸಿಕೊಂಡಿದ್ದೇನೆ, ಗ್ರಾಮಸಭೆಯಲ್ಲಿ ಕುರ್ಚಿ ಎತ್ತಿದವರನ್ನು ನೋಡಿದ್ದೇನೆ. ಆ ಮೂರು ಶಬ್ದದಷ್ಟು ಯಾವುದೂ ನಾಟಲಿಲ್ಲ.

ಕಚೇರಿಗೆ ಬಂದು ಮಲ್ಲಪ್ಪನನ್ನು ಎದುರು ಕೂರಿಸಿಕೊಂಡೆ. "ಮಾಳಿಗಿ ಎಲ್ಲಿ ಸೋರತೈತಿ ತೋರ್ಸು ಬಾ" ಅಂದೆ.

ಅವನು ಟೇಬಲ್ಲಿನ ಅಂಚು ಉಜ್ಜುತ್ತ ಕೂತ. "ಮೇಡಂ, ನಾ ಹೊಸಾದೇನೂ ಮಾಡಿಲ್ರಿ. ಮೊದಲಿಂದ ಹಂಗ ನಡದೈತಿ. ಆ ಕೇರಿಯವರು ಕೇಳಿದ್ರ ದುರಸ್ತಿ ಐತಿ ಅನ್ನೂದು, ಇಲ್ಲಾಂದ್ರ ಬ್ಯಾರೆದವರು ಕೇಳ್ಯಾರ ಅನ್ನೂದು, ಇಲ್ಲಾಂದ್ರ ಚಾವಿ ಗೌಡ್ರ ಮನ್ಯಾಗ ಐತಿ, ಅವರು ಊರಾಗಿಲ್ಲ ಅನ್ನೂದು. ಕೊಡೂದಿಲ್ಲ ಅಂತ ನಾವು ಯಾರಿಗೂ ಅಂದೇ ಇಲ್ರಿ."

ಭವನದ ವಹಿ ತೆಗೆಸಿದೆ. ಕಟ್ಟಿದಂದಿನಿಂದ ಅಂದಿನವರೆಗೆ ಪುಟ ಪುಟ ತಿರುವಿದೆ. ಆ ಕೇರಿಯ ಒಂದು ಹೆಸರೂ ಇರಲಿಲ್ಲ. ಕೊಟ್ಟ ಲೆಕ್ಕದಲ್ಲಿಲ್ಲ, ಬೇಡವೆಂದ ಲೆಕ್ಕದಲ್ಲೂ ಇಲ್ಲ. ಅವರು ಕೇಳಲೇ ಇಲ್ಲವೇನೋ ಎನ್ನುವ ಹಾಗೆ ವಹಿ ಸ್ವಚ್ಛವಾಗಿತ್ತು. ಮೊದಲ ಬಾರಿಗೆ ಬೇಡವೆಂದು ಬರಹದಲ್ಲಿ ಕೊಟ್ಟದ್ದು ನನ್ನದೇ ಹಿಂಬರಹ.

ತಾಲ್ಲೂಕು ಪಂಚಾಯಿತಿಯ ನಮ್ಮ ಸಾಹೇಬರ ಬಳಿ ಓಡಿದೆ. ನನಗಿಂತ ಹದಿನೈದು ವರ್ಷ ಚಿಕ್ಕವರು, ಮಾತು ಕಡಿಮೆ. ಯಾವಾಗಲೂ ಟೇಬಲ್ಲಿನ ಮೇಲೆ ಹುರಿದ ಶೇಂಗಾದ ಪೊಟ್ಟಣ. ನಾನು ಏದುಸಿರು ಬಿಡುತ್ತ, ಗೌಡರ ಮೇಲೆ ಪೊಲೀಸರಿಗೆ ಬರೆಯಬೇಕು, ಕೇಸು ಆಗಬೇಕು ಎಂದೆಲ್ಲ ಹೇಳಿದೆ. ಅವರು ಶೇಂಗಾದ ಸಿಪ್ಪೆ ಊದುತ್ತ ಪೂರ್ತಿ ಕೇಳಿದರು.

"ಬರೀಬ್ಯಾಡ್ರಿ ಅನ್ನೂದಿಲ್ಲ ಮೇಡಂ. ಆದ್ರ ಗೌಡ್ರು ಎಲ್ಯಾದ್ರೂ ಸಹಿ ಮಾಡ್ಯಾರೇನು?"

"ಇಲ್ರಿ."

"ಸುಳ್ಳು ಕಾಗದದ ಮ್ಯಾಲ ಸಹಿ ಯಾರ್ದೈತಿ?"

ಅವರು ಕಪಾಟಿನಿಂದ ಕಾಯ್ದೆಯ ತೆಳ್ಳಗಿನ ಪುಸ್ತಕ ತೆಗೆದು ಗುರುತು ಮಾಡಿದ ಪುಟ ನನ್ನ ಮುಂದಿಟ್ಟರು. ಸರ್ಕಾರಿ ನೌಕರರು ಬೇಕೆಂದೇ ತಮ್ಮ ಕರ್ತವ್ಯ ಬಿಟ್ಟರೆ ಅವರೂ ತಪ್ಪಿತಸ್ಥರಾಗುತ್ತಾರೆ ಎಂಬ ಮಾತು ಅದರಲ್ಲಿತ್ತು. ತರಬೇತಿಯಲ್ಲಿ ನಾನು ತೂಕಡಿಸಿದ ಭಾಗ ಇದೇ ಇರಬೇಕು.

"ನೀವು ಬೇಕಂತ ಮಾಡಿಲ್ಲ, ನನಗ ಗೊತ್ತೈತಿ. ಆದ್ರ ಈಗ ಗೊತ್ತಾಗೈತಿ. ಇನ್ನ ಸುಮ್ಮನಿದ್ರ ಬೇಕಂತ ಮಾಡಿದಂಗ" ಅಂದರು. "ಮೊದಲ ನಿಮ್ಮ ಕಾಗದ ನೀವ ಸುಳ್ಳು ಅಂತ ಬರದ ಕೊಡ್ರಿ. ಆಮ್ಯಾಲ ಆಕೀನ್ನ ಕೇಳ್ರಿ, ಏನ್ ಬೇಕಂತ. ನೀವ ತೀರ್ಮಾನ ಮಾಡಬ್ಯಾಡ್ರಿ."

ಎರಡನೇ ಹಿಂಬರಹ ಬರೆದೆ. ನೌಕರಿಯಲ್ಲಿ ಅಷ್ಟು ಕಷ್ಟಪಟ್ಟು ಬರೆದ ಕಾಗದ ಇನ್ನೊಂದಿಲ್ಲ. 'ಸಮುದಾಯ ಭವನವು ದುರಸ್ತಿಯಲ್ಲಿ ಇರಲಿಲ್ಲ. ಈ ಹಿಂದೆ ನಾನು ನೀಡಿದ ಹಿಂಬರಹ ಸತ್ಯಕ್ಕೆ ದೂರವಾಗಿದ್ದು ಅದನ್ನು ಹಿಂಪಡೆದಿದ್ದೇನೆ. ತಾವು ಕೇಳಿದ ದಿನಕ್ಕೆ ಭವನವನ್ನು ತಮಗೆ ನೀಡಲಾಗಿದೆ.' ಅಂಚೆಗೆ ಹಾಕದೆ ಕೈಯಲ್ಲಿ ಹಿಡಿದು ಕೇರಿಗೆ ಹೋದೆ.

ರುಕ್ಮಾಬಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಗಳು ಪದ್ಮಾ ಕಾಗದ ತೆಗೆದುಕೊಂಡು ತಾಯಿಗೆ ಓದಿ ಹೇಳಿದಳು. ನಾನು ಕಾಯ್ದೆ, ಕಲಂ, ದೂರು, ಪೊಲೀಸ್ ಬಂದೋಬಸ್ತು ಎಂದು ಶುರು ಮಾಡಿದೆ. ರುಕ್ಮಾಬಾಯಿ ಮೊರ ಕೆಳಗಿಟ್ಟಳು.

"ಬಾಯಾರ, ಇದು ನನ್ನ ಮಗಳ ಮದುವಿರಿ. ನಿಮ್ಮ ಕೇಸ ಅಲ್ಲ."

ಅವಳೇ ಮಾತು ಮುಂದುವರಿಸಿದಳು.

"ಬೀಗರು ಬಂದಾಗ ಬಾಗಲದಾಗ ಪೊಲೀಸರು ನಿಂತಿದ್ರ ಅವರು ಏನ್ ತಿಳ್ಕೋಬೇಕು? ನನ್ನ ಮಗಳು ಜೀವನಪೂರ್ತಿ ತನ್ನ ಮದುವಿ ನೆನಸಿದಾಗ ಲಾಠಿ ನೆನಸಬೇಕೇನು? ನಾ ಬಿಜಾಪುರದಾಗ ಒಂದು ಸಣ್ಣ ಹಾಲ್ ನೋಡೀನಿ. ಅಲ್ಲೇ ಮಾಡ್ತೀನಿ."

ಕರುಣೆ ತೋರಿಸಲು ಹೋದವಳು ನಾನು. ನನ್ನ ತಪ್ಪು ತೊಳೆದುಕೊಳ್ಳಲು ಅವಳ ಮನೆಯ ಮಂಗಳ ಕಾರ್ಯವನ್ನೇ ಬಳಸಹೊರಟಿದ್ದೆ ಎಂದು ಆಗ ಹೊಳೆಯಿತು. ಹೊರಡಲು ಎದ್ದೆ. ಆಗ ಪದ್ಮಾ ಮಾತಾಡಿದಳು. ನರ್ಸಿಂಗ್ ಓದಿ ನಗರದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ಹುಡುಗಿ, ದನಿ ಮೆತ್ತಗೆ.

"ಯವ್ವಾ, ನಾ ಸಾಲಿಗೆ ಹೋಗುವಾಗ ದಿನಾ ಆ ಭವನ ಕಟ್ಟೂದ ನೋಡೀನಿ. ನೀನೂ ಅದರಾಗ ಕಲ್ಲು ಹೊತ್ತೀ. ನನಗ ಅಲ್ಲೇ ಆಗ್ಬೇಕು."

ರುಕ್ಮಾಬಾಯಿ ಮಗಳ ಮುಖ ನೋಡಿದಳು. ಆಮೇಲೆ ನನಗೆ ಹೇಳಿದಳು: "ಹಂಗಾರ ಕೇಳ್ರಿ. ಚಾವಿ ಬೇಡಾಕ ನಾ ಗೌಡ್ರ ಮನಿ ಮೆಟ್ಟಲಾ ಏರೂದಿಲ್ಲ. ಮುಂಜಾನೆ ನಾವು ಬಂದಾಗ ಬಾಗಲಾ ತೆರದಿರಬೇಕು. ಪೊಲೀಸರು ಬ್ಯಾಡ. ನಾವು ನಮ್ಮ ಮದುವಿ ಮಾಡ್ಕೊಂಡು ಹೋಗ್ತೇವಿ. ಇಷ್ಟ ನಿಮ್ಮಿಂದ ಆಗತೈತೇನು?"

"ಆಗತೈತಿ" ಅಂದೆ. ಹೇಗೆ ಎಂದು ನನಗೇ ಗೊತ್ತಿರಲಿಲ್ಲ.

ಮರುದಿನ ಗೌಡರ ಮನೆಗೆ ಹೋದೆ. ಮರ್ಯಾದೆಯಲ್ಲಿ ಕೊರತೆ ಇಲ್ಲ. ಕುರ್ಚಿ, ನೀರು, "ಸಾವಿತ್ರೀ, ಚಾ ಇಡವಾ" ಎಂಬ ಕೂಗು. ನಾನು ಭವನದ ಚಾವಿ ಕೇಳಿದೆ.

"ಚಾವಿ?" ಗೌಡರು ಜೇಬು ಮುಟ್ಟಿಕೊಂಡರು, ಗೂಟ ನೋಡಿದರು, ತಲೆ ಎತ್ತಿ ಮಾಡು ನೋಡಿದರು. "ಸಣ್ಣ ಸೊಸಿ ತವರಿಗೆ ಹೋಗುವಾಗ ತಪ್ಪಿ ಒಯ್ದಾಳ ಕಾಣ್ತೈತ್ರಿ. ಆಕಿ ಬರೂದು ಇನ್ನ ಒಂದ ತಿಂಗಳ."

"ಆಗಲ್ರಿ ಗೌಡ್ರ. ನಾ ಪಂಚನಾಮೆ ಮಾಡಿ ಕೀಲಿ ಮುರಸ್ತೀನಿ. ಹೊಸಾ ಕೀಲಿ ಹಾಕಸ್ತೀನಿ."

ಅವರು ನಕ್ಕರು. "ಬಾಯಾರ, ನೀವು ಜಲನಗರದಿಂದ ದಿನಾ ಬಂದ ಹೋಗ್ತೀರಿ. ನಾವು ಇಲ್ಲೇ ಇರಾವ್ರು. ಊರಂದ್ರ ಒಂದು ಪದ್ಧತಿ ಇರ್ತೈತಿ. ನಾ ಯಾರಿಗೂ ಬ್ಯಾಡ ಅಂದಿಲ್ಲ. ಅನ್ನೂದೂ ಇಲ್ಲ."

ಅವರ ಮಾತು ಒಂದು ರೀತಿಯಲ್ಲಿ ನಿಜವೇ. ಅವರು ಎಲ್ಲಿಯೂ ಬೇಡ ಅಂದಿರಲಿಲ್ಲ. ನಾನು ಚೀಲದಿಂದ ಸಾಹೇಬರು ಕೊಟ್ಟ ಪುಸ್ತಕ ತೆಗೆದೆ.

"ಗೌಡ್ರ, ನಾ ನಿಮಗ ಏನೂ ಅನ್ನಾಕ ಬಂದಿಲ್ಲ. ನಿಮ್ಮ ಹೆಸರು ಇದರಾಗ ಎಲ್ಲೂ ಬರೂದಿಲ್ಲ. ಭವನ ಪಂಚಾಯ್ತಿದು. ಕೇಸು ಆದ್ರ ಮೊದಲನೇ ಹೆಸರು ನಂದು, ಸಹಿ ಮಾಡಿದಾಕಿ ನಾನು. ಎರಡನೇ ಹೆಸರು ಅಧ್ಯಕ್ಷರದು. ಪಂಚಾಯ್ತಿ ಆಸ್ತಿ ಚಾವಿ ಅಧ್ಯಕ್ಷರ ಮನ್ಯಾಗಿಂದ ಕಳದೈತಿ ಅಂತ ನಾ ಬರೀಬೇಕಾಗತೈತಿ." ಕಲಂ ಓದಿದೆ. ನಿಧಾನವಾಗಿ, ಶಿಕ್ಷೆಯ ಭಾಗವನ್ನು ಎರಡು ಸಲ.

ಗೌಡರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಸಾವಿತ್ರಿ ಚಹಾದ ತಟ್ಟೆ ಹಿಡಿದು ಪಡಸಾಲೆಗೆ ಬಂದಳು. ತಟ್ಟೆಯಲ್ಲಿ ಎರಡು ಕಪ್ಪು ಚಹಾ, ಎರಡರ ನಡುವೆ ಕೆಂಪು ದಾರ ಕಟ್ಟಿದ ಚಾವಿ.

"ಚಾವಿ ಅಡಗಿ ಮನಿ ಗೂಟಕ್ಕಿತ್ರಿ ಮಾವ" ಅಂದಳು. ಸಭೆಯಲ್ಲಿ ಎರಡು ವರ್ಷ ನಾನು ಅವಳ ದನಿ ಸರಿಯಾಗಿ ಕೇಳಿರಲಿಲ್ಲ. "ಅಧ್ಯಕ್ಷರಂದ್ರ ನಾನ ಅಲ್ರಿ? ಜೇಲಿಗೆ ಹೋಗೂದು ಬಂದ್ರ ನೀವು ನನ್ನ ಬದಲಿ ಹೋಗಾಕ ಬರೂದಿಲ್ಲ. ತೊಗೋರಿ ಮೇಡಂ."

ಗೌಡರು ಚಹಾದ ಕಪ್ಪು ಎತ್ತಿಕೊಂಡರು. ಬೇರೇನೂ ಮಾಡಲು ಉಳಿದಿರಲಿಲ್ಲ. ನಾನೂ ನನ್ನ ಕಪ್ಪು ಖಾಲಿ ಮಾಡಿ ಚಾವಿಯನ್ನು ಚೀಲಕ್ಕೆ ಹಾಕಿಕೊಂಡೆ. ನಾನು ಎದ್ದು ಹೊರಡುವಾಗ ಸಾವಿತ್ರಿ ಬಾಗಿಲವರೆಗೆ ಬಂದು ಮೆಲ್ಲಗೆ ಕೇಳಿದಳು: "ಮೇಡಂ, ಖರೇನ ನನ್ನ ಹೆಸರು ಬರ್ತಿತ್ತೇನ್ರಿ?"

"ಬರೂ ಸಂಭವ ಇತ್ತವ್ವ."

"ಇಷ್ಟ ದಿನಾ ಎಲ್ಲಿ ಸಹಿ ಮಾಡಂತಾರ ಅಲ್ಲಿ ಮಾಡೀನಿ. ಇನ್ ಮುಂದ ಓದಿ ಮಾಡ್ತೀನಿ" ಅಂದಳು. ನಾನೂ ಮನಸ್ಸಿನಲ್ಲೇ ಅದೇ ಮಾತು ಅಂದುಕೊಂಡೆ.

ಮದುವೆಯ ದಿನ ರವಿವಾರ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಭವನದ ಬಾಗಿಲು ತೆರೆದಿತ್ತು, ಮಲ್ಲಪ್ಪ ಕಸ ಗುಡಿಸುತ್ತಿದ್ದ. ನಾನು ಹೇಳಿರಲಿಲ್ಲ, ಕಚೇರಿಯಲ್ಲಿಟ್ಟಿದ್ದ ಚಾವಿ ತೆಗೆದುಕೊಂಡು ತಾನೇ ಬಂದಿದ್ದ. ಎಲ್ಲ ಸುಸೂತ್ರ ಅಂದುಕೊಂಡು ನಲ್ಲಿ ತಿರುವಿದರೆ ಹನಿ ನೀರಿಲ್ಲ. ಅಡುಗೆಯವರು ಬಂದು ಕೂತಿದ್ದಾರೆ, ನೂರೈವತ್ತು ಜನರ ಅನ್ನ ಆಗಬೇಕು. ಭವನದ ಮಾಳಿಗೆಯ ಟ್ಯಾಂಕು ಖಾಲಿ. ಊರ ಟ್ಯಾಂಕಿನ ಬಳಿ ಯಾರೋ ಆ ಓಣಿಯ ವಾಲ್ವು ಬಂದ್ ಮಾಡಿದ್ದರು. ನೀರು ಬಿಡುವವನ ಫೋನು ಸ್ವಿಚ್ ಆಫ್.

ಮಲ್ಲಪ್ಪನೂ ನಾನೂ ಓಡಿದೆವು. ವಾಲ್ವಿನ ಗುಂಡಿಯಲ್ಲಿ ಮೊಣಕಾಲು ತನಕ ಕೆಸರು. ಮಲ್ಲಪ್ಪ ಪ್ಯಾಂಟು ಮಡಚಿ ಇಳಿದ. ಅದು ತಿರುಗಲೊಲ್ಲದು. ನಾನೂ ಸೀರೆ ಎತ್ತಿ ಕಟ್ಟಿ ಇಳಿದೆ. ಇಬ್ಬರೂ ಸೇರಿ ವಾಲ್ವು ತಿರುಗಿಸುವ ಪಾನಾ ಹಿಡಿದು ಜಗ್ಗಿದೆವು. ಒಮ್ಮೆಲೇ ತಿರುಗಿ, ಜೋಡಣೆಯಿಂದ ನೀರು ಚಿಮ್ಮಿ ಇಬ್ಬರಿಗೂ ತಲೆಸ್ನಾನ. ಮದುವೆಗೆಂದು ಉಟ್ಟ ಇಳಕಲ್ ಸೀರೆ. ಮಲ್ಲಪ್ಪ ಮುಖ ಒರೆಸಿಕೊಂಡು, "ಮೇಡಂ, ಸೋರೂದಂದ್ರ ಹಿಂಗಿರತೈತ್ರಿ" ಅಂದ. ಇಬ್ಬರೂ ಕೆಸರಿನಲ್ಲಿ ನಿಂತು ಹೊಟ್ಟೆ ಹಿಡಿದು ನಕ್ಕೆವು. ವಾಲ್ವು ಬಂದ್ ಮಾಡಿದವರು ಯಾರೆಂದು ಇಂದಿಗೂ ಗೊತ್ತಾಗಿಲ್ಲ.

ಹತ್ತು ಗಂಟೆಗೆ ಕೇರಿಯ ಜನ ಬಂದರು. ಬಾಗಿಲ ಹತ್ತಿರ ಬಂದವರು ಸ್ವಲ್ಪ ನಿಂತರು. ಹಿರಿಯರು ಕೆಲವರು ಚಪ್ಪಲಿ ಬಿಟ್ಟು ಹೊಸ್ತಿಲ ಈಚೆಗೇ ಉಳಿದರು. ರುಕ್ಮಾಬಾಯಿ ತಿರುಗಿ ನೋಡಿ, "ಒಳಗ ಬರ್ರಿ, ಬಿಸಲಾಗ ಯಾಕ ನಿಂತೀರಿ?" ಎಂದು ಸಹಜವಾಗಿ ಕರೆದಳು, ತನ್ನ ಮನೆಗೆ ಕರೆದ ಹಾಗೆ. ಒಬ್ಬೊಬ್ಬರೇ ಬಂದರು. ವೇದಿಕೆಯ ಮೇಲೆ ಬುದ್ಧನ ಮೂರ್ತಿ, ಬಿಳಿ ಸೀರೆಯಲ್ಲಿ ಪದ್ಮಾ, ಬಿಳಿ ಅಂಗಿಯಲ್ಲಿ ಗಂಡು. ಎಲ್ಲರೂ ಎದ್ದು ನಿಂತು ಪಂಚಶೀಲ ಹೇಳುವಾಗ ಆ ಭವನ ತುಂಬಿ ದನಿ ಎದ್ದಿತು. ರುಕ್ಮಾಬಾಯಿ ದನಿ ಎಲ್ಲರಿಗಿಂತ ಗಟ್ಟಿ.

ಊರೆಲ್ಲ ಬಂದಿತು ಎಂದು ಬರೆದರೆ ಸುಳ್ಳಾಗುತ್ತದೆ. ಗೌಡರಿಗೆ ಆ ದಿನವೇ ದೂರದ ಊರಿನಲ್ಲಿ ಕೆಲಸ ಬಿದ್ದಿತ್ತು. ದೊಡ್ಡ ಮನೆಗಳವರು ಯಾರೂ ಇರಲಿಲ್ಲ. ಸಾವಿತ್ರಿ ಮಾತ್ರ ಇನ್ನಿಬ್ಬರು ಸದಸ್ಯೆಯರೊಡನೆ ಬಂದು, ಪದ್ಮಾಳಿಗೆ ಸೀರೆ ಕೊಟ್ಟು, ಪಂಕ್ತಿಯಲ್ಲಿ ಕೂತು ಉಂಡಳು. ನಾನು ಹಸಿ ಸೀರೆಯಲ್ಲೇ ಕೂತೆ. ರುಕ್ಮಾಬಾಯಿ ಬಡಿಸುತ್ತ ನನ್ನ ಎಲೆಯ ಮುಂದೆ ನಿಂತು ಸೀರೆಯ ಕೆಸರು ನೋಡಿದಳು. ಒಂದು ಹೋಳಿಗೆ ಹೆಚ್ಚು ಹಾಕಿ ಮುಂದೆ ಹೋದಳು.

ಆ ತಿಂಗಳ ವರದಿಯಲ್ಲಿ ನಡೆದದ್ದನ್ನೆಲ್ಲ ಬರೆದೆ, ನನ್ನ ಮೊದಲ ಹಿಂಬರಹದ ನಕಲನ್ನೂ ಲಗತ್ತಿಸಿದೆ. ತಾಲ್ಲೂಕಿನಿಂದ ಗುಮಾಸ್ತರ ಫೋನು: "ಮೇಡಂ, ಅಸ್ಪೃಶ್ಯತೆ ಪ್ರಕರಣ ಅನ್ನೂ ಕಡೆ ತಪ್ಪಿ ಒಂದು ಅಂತ ಬಿದ್ದೈತ್ರಿ. ಇಲ್ಲ ಅಂತ ಮಾಡ್ಲ್ಯಾ?" ಬೇಡ, ಅದು ಇರಲಿ ಅಂದೆ. ಇಪ್ಪತ್ತೈದು ವರ್ಷ ಆ ಜಾಗದಲ್ಲಿ ನಾನು ದುಂಡಗಿನ ಅಕ್ಷರದಲ್ಲಿ 'ಇಲ್ಲ' ಎಂದೇ ಬರೆದಿದ್ದೆ. ಸಾಹೇಬರು ನನಗೆ ಎಚ್ಚರಿಕೆ ಪತ್ರ ಕೊಟ್ಟರು, ಪರಿಶೀಲಿಸದೆ ಸಹಿ ಮಾಡಿದ್ದಕ್ಕೆ. ಪತ್ರದ ಜೊತೆಗೆ ಶೇಂಗಾದ ಪೊಟ್ಟಣವನ್ನೂ ನನ್ನ ಕಡೆ ಸರಿಸಿದರು. ಸೇವಾ ಪುಸ್ತಕದಲ್ಲಿ ಆ ಎಚ್ಚರಿಕೆ ಈಗಲೂ ಇದೆ.

ಇದರಿಂದ ನಾನು ದೊಡ್ಡ ಜಾಣೆಯಾದೆ ಎಂದುಕೊಳ್ಳಬೇಡಿ. ಅಲ್ಲಿಂದ ಬಬಲೇಶ್ವರ ಕಡೆಯ ಊರಿಗೆ ವರ್ಗವಾಯಿತು. ಅಲ್ಲಿಯ ಏಕೈಕ ಕಟಿಂಗ್ ಅಂಗಡಿಯವನು ಕೆಲವರ ಕ್ಷೌರ ಮಾಡುವುದಿಲ್ಲ ಎಂದು ಗೊತ್ತಾಯಿತು. ಹುರುಪಿನಲ್ಲಿ ಹೋಗಿ ಲೈಸೆನ್ಸು, ಕಾಯ್ದೆ ಎಂದೆಲ್ಲ ಹೇಳಿದೆ. ಅವನು ಕೈಮುಗಿದು, "ನಾ ಮಾಡಾಕ ತಯಾರದೀನ್ರಿ. ಮಾಡಿದ ದಿನಾ ಉಳದವರು ಬರೂದು ಬಿಡ್ತಾರ. ಇಬ್ಬರ ನಡುವ ನನ್ನ ಹೊಟ್ಟಿ ಐತ್ರಿ" ಅಂದ. ಉಳಿದವರ ಜೊತೆ ಮಾತಾಡಬೇಕಾದವಳು ನಾನು, ಬಡವನೊಬ್ಬನನ್ನು ಹೆದರಿಸಿ ಬಂದಿದ್ದೆ. ವಾರದಲ್ಲಿ ಅವನು ಅಂಗಡಿ ಮುಚ್ಚಿ ವಿಜಯಪುರಕ್ಕೆ ಹೊರಟುಹೋದ. ಈಗ ಆ ಊರಿನವರೆಲ್ಲ ಕಟಿಂಗ್‌ಗೆ ಬಬಲೇಶ್ವರಕ್ಕೆ ಬಸ್ಸು ಹತ್ತುತ್ತಾರೆ, ಅಲ್ಲಿ ಒಂದೇ ಬೆಂಚಿನ ಮೇಲೆ ಪಕ್ಕಪಕ್ಕ ಕೂತು ಪಾಳಿ ಕಾಯುತ್ತಾರೆ. ಇದನ್ನು ನನ್ನ ಗೆಲುವಿನ ಲೆಕ್ಕಕ್ಕೆ ಹಾಕಬೇಕೋ ಸೋಲಿನ ಲೆಕ್ಕಕ್ಕೆ ಹಾಕಬೇಕೋ ನನಗೆ ಇನ್ನೂ ತಿಳಿದಿಲ್ಲ.

ನಿವೃತ್ತಳಾದ ವರ್ಷ, ಒಂದು ಬೆಳಿಗ್ಗೆ ಗಿಡಗಳಿಗೆ ನೀರು ಹಾಕುತ್ತಿದ್ದೆ. ತಿಕೋಟಾ ಕಡೆಯ ಆ ಊರಿನ ಹೊಸ ಪಿಡಿಒ ಫೋನು ಮಾಡಿದಳು. ನೌಕರಿಗೆ ಸೇರಿ ಮೂರು ತಿಂಗಳಾದ ಹುಡುಗಿ. ದನಿ ತಗ್ಗಿಸಿ ಮಾತಾಡುತ್ತಿದ್ದಳು.

"ಮೇಡಂ, ಸಮುದಾಯ ಭವನಕ್ಕ ಒಂದೇ ದಿನಕ್ಕ ಎರಡು ಅರ್ಜಿ ಬಂದಾವ್ರಿ. ಒಂದು ಕೇರಿಯವರದು, ಹುಡುಗನ ಮದುವಿ. ಇನ್ನೊಂದು ಗೌಡ್ರದು, ಮೊಮ್ಮಗನ ನಾಮಕರಣ. ಗೌಡ್ರು ನನ್ನ ಎದುರಿಗೇ ಕುಂತಾರ. ಏನ್ ಮಾಡ್ಲಿರಿ?"

"ಯಾವ ಅರ್ಜಿ ಮೊದಲ ಬಂದೈತಿ?"

"ಕೇರಿಯವರದು. ನಾಕು ದಿನಾ ಮೊದಲ."

"ಹಂಗಾರ ನನಗ್ಯಾಕ ಫೋನ್ ಮಾಡೀಯವ್ವ?"

ಆ ಕಡೆ ಕಾಗದ ಎಳೆದುಕೊಂಡ ಸದ್ದು ಕೇಳಿಸಿತು. ಆಮೇಲೆ "ಆತ್ರಿ ಮೇಡಂ" ಅಂದು ಫೋನಿಟ್ಟಳು. ನೀರಿನ ಪೈಪು ಕೈಯಲ್ಲಿ ಹಿಡಿದು ನಿಂತೇ ಇದ್ದೆ, ಅಂಗಳವೆಲ್ಲ ತೊಯ್ದುಹೋಯಿತು.

ಸಂಜೆ ಅವಳೇ ಮತ್ತೆ ಫೋನು ಮಾಡಿ ನಡೆದದ್ದು ಹೇಳಿದಳು. ಆ ದಿನ ಭವನವನ್ನು ಬೇರೆಯವರಿಗೆ ನೀಡಲಾಗಿದೆ ಎಂದು ಹಿಂಬರಹ ಬರೆದು, ಸಹಿ ಮಾಡಿ, ಗೌಡರ ಕೈಗೇ ಕೊಟ್ಟಳಂತೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರಂತೆ. ಮಡಚಿ ಜೇಬಿಗಿಟ್ಟುಕೊಂಡು, "ಹಂಗಾರ ಎರಡ ದಿನಾ ಬಿಟ್ಟ ಬರಕೋರಿ" ಅಂದರಂತೆ. ಅವಳು ಅರ್ಜಿಯಲ್ಲಿ ದಿನ ತಿದ್ದಿಸಿ, ವಹಿಯಲ್ಲಿ ಕೇರಿಯ ಹುಡುಗನ ಹೆಸರಿನ ಕೆಳಗೆ ಅವರ ಹೆಸರು ಬರೆದುಕೊಂಡಳಂತೆ.